ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್: ರಕ್ತಪರೀಕ್ಷೆಯ ಕುರಿತು ಸಾರ್ವಜನಿಕ ಮಾಹಿತಿ

ಶರೀರದ ರೋಗನಿರೋಧಕ ವ್ಯವಸ್ಥೆಯು ಸ್ವಂತ ಪ್ರೋಟೀನುಗಳ ವಿರುದ್ಧವೇ ಪ್ರತಿಕಾಯಗಳನ್ನು ಉತ್ಪಾದಿಸುವುದರಿಂದ ರಕ್ತನಾಳಗಳೊಳಗೆ ರಕ್ತ ಹೆಪ್ಪುಗಟ್ಟುವ ಸ್ಥಿತಿಯನ್ನು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎನ್ನಲಾಗುತ್ತದೆ. 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಇದನ್ನು ವಿವರಿಸಿದರು. ಇದು ಸಾಂಕ್ರಾಮಿಕ ರೋಗವಲ್ಲ.

ಚಿಕ್ಕ ವಯಸ್ಸಿನಲ್ಲಿ ಸ್ಪಷ್ಟ ಕಾರಣವಿಲ್ಲದೆ ಕಾಲಿನ ಅಭಿಧಮನಿಯಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯುವಿಗೆ ತುತ್ತಾದವರು ಹಾಗೂ ಲೂಪಸ್ ರೋಗಿಗಳು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ಉಚಿತ. ಸತತ ಮೂರು ಗರ್ಭಪಾತಗಳಾದ ಅಥವಾ ಹತ್ತು ವಾರಗಳ ಬಳಿಕ ಗರ್ಭಸ್ಥ ಶಿಶುವನ್ನು ಕಳೆದುಕೊಂಡ ಮಹಿಳೆಯರಿಗೂ ಇದು ಅನ್ವಯಿಸುತ್ತದೆ. ಇಂತಹ ನಷ್ಟಕ್ಕೆ ದೋಷ, ಶಾಪಗಳನ್ನು ಕಾರಣವೆಂದು ಭಾವಿಸಿ ವರ್ಷಗಳನ್ನು ಕಳೆಯುವ ಕುಟುಂಬಗಳಿವೆ; ಕಾರಣವು ರಕ್ತದಲ್ಲಿಯೇ ಇರಬಹುದು, ಮತ್ತು ಅದಕ್ಕೆ ಚಿಕಿತ್ಸೆ ಇದೆ.

ಪತ್ತೆಗಾಗಿ ಮೂರು ಪರೀಕ್ಷೆಗಳನ್ನು ಒಟ್ಟಾಗಿ ನಡೆಸಲಾಗುತ್ತದೆ. ಕಾರ್ಡಿಯೋಲಿಪಿನ್ ಪ್ರತಿಕಾಯ ಮತ್ತು ಬೀಟಾ-2 ಗ್ಲೈಕೋಪ್ರೋಟೀನ್-1 ಪ್ರತಿಕಾಯಗಳ ಪ್ರಮಾಣವನ್ನು ಸಾಮಾನ್ಯವಾಗಿ ಎಲೈಸಾ ವಿಧಾನದಿಂದ ಅಳೆಯಲಾಗುತ್ತದೆ. ಮೂರನೆಯದಾದ ಲೂಪಸ್ ಆಂಟಿಕೋಆಗುಲೆಂಟ್ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಲು ತಗಲುವ ಕಾಲವನ್ನು ನೋಡಲಾಗುತ್ತದೆ. ಇದಕ್ಕೆ ಬಳಸುವ ಒಂದು ವಿಧಾನದಲ್ಲಿ ಕರಾವಳಿಯ ರೈತರಿಗೆ ಚಿರಪರಿಚಿತವಾದ ಕೊಳಕುಮಂಡಲ ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಉಪಯೋಗಿಸಲಾಗುತ್ತದೆ. ಪ್ರತಿಕಾಯವಿದ್ದರೆ ಪ್ರಯೋಗಾಲಯದ ನಳಿಕೆಯಲ್ಲಿ ರಕ್ತವು ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಆದರೆ ದೇಹದೊಳಗೆ ಬೇಗನೆ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಮಾಡುವ ಎ.ಪಿ.ಟಿ.ಟಿ. ಪರೀಕ್ಷೆಯಲ್ಲಿ ಕಾಲ ಹೆಚ್ಚಾಗಿ ಬಂದು ಈ ರೋಗದ ಸುಳಿವು ದೊರೆತ ನಿದರ್ಶನಗಳೂ ಇವೆ.

ಲೂಪಸ್ ಆಂಟಿಕೋಆಗುಲೆಂಟ್ ಪರೀಕ್ಷೆಯ ಮಾದರಿಯನ್ನು ಸಿಟ್ರೇಟ್ ನಳಿಕೆಯಲ್ಲಿ ಗುರುತಿನವರೆಗೆ ಪೂರ್ಣವಾಗಿ ತುಂಬಿಸಬೇಕು. ಸುಮಾರು ನಾಲ್ಕು ಗಂಟೆಗಳೊಳಗೆ ಪ್ಲಾಸ್ಮಾವನ್ನು ಎರಡು ಬಾರಿ ಸೆಂಟ್ರಿಫ್ಯೂಜ್ ಮಾಡಿ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಬೇಕು. ತಕ್ಷಣ ಪರೀಕ್ಷಿಸಲಾಗದಿದ್ದರೆ ಶೈತ್ಯೀಕರಿಸಬೇಕು. ಕಾಪು ಅಥವಾ ಕಾರ್ಕಳದ ಸಂಗ್ರಹಣಾ ಕೇಂದ್ರದಲ್ಲಿ ಬೆಳಿಗ್ಗೆ ನೀಡಿದ ರಕ್ತವು ಸಂಸ್ಕರಣೆಯಾಗದೆ ಸಂಜೆಯ ವಾಹನಕ್ಕಾಗಿ ಕಾದಿದ್ದರೆ ವರದಿ ವಿಶ್ವಾಸಾರ್ಹವಾಗಿರದು. ಆದ್ದರಿಂದ ಮಾದರಿಯನ್ನು ಎಲ್ಲಿ, ಯಾವಾಗ ಸಂಸ್ಕರಿಸಲಾಗುತ್ತದೆ ಎಂದು ಮೊದಲೇ ವಿಚಾರಿಸತಕ್ಕದ್ದು. ಉಡುಪಿ ಅಥವಾ ಮಣಿಪಾಲದಲ್ಲಿ ಸಂಸ್ಕರಣೆಯ ವ್ಯವಸ್ಥೆ ಇರುವ ಪ್ರಯೋಗಾಲಯಕ್ಕೆ ಸ್ವತಃ ತೆರಳಿ ರಕ್ತ ನೀಡುವುದು, ಬಸ್ಸಿನ ಪ್ರಯಾಣವಾದರೂ, ಹೆಚ್ಚು ಸೂಕ್ತ. ಹೆಪಾರಿನ್, ವಾರ್ಫರಿನ್ ಮುಂತಾದ ಔಷಧಿಗಳು ಈ ಪರೀಕ್ಷೆಯ ಫಲಿತಾಂಶವನ್ನು ಬದಲಿಸುವುದರಿಂದ ಸೇವಿಸುತ್ತಿರುವ ಔಷಧಿಗಳ ವಿವರವನ್ನು ತಪ್ಪದೆ ತಿಳಿಸಬೇಕು. ಪರೀಕ್ಷೆಗಾಗಿ ಸ್ವಂತ ತೀರ್ಮಾನದಿಂದ ಔಷಧಿ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು.

ಒಂದೇ ವರದಿಯಿಂದ ರೋಗವನ್ನು ನಿರ್ಧರಿಸಲಾಗುವುದಿಲ್ಲ. ಜ್ವರ ಅಥವಾ ಸೋಂಕಿನ ಸಂದರ್ಭದಲ್ಲಿ ಈ ಪ್ರತಿಕಾಯಗಳು ತಾತ್ಕಾಲಿಕವಾಗಿ ಕಾಣಿಸಿಕೊಂಡು ಮರೆಯಾಗುವುದುಂಟು. ಅದರಿಂದ ಕನಿಷ್ಠ 12 ವಾರಗಳ ಅಂತರದಲ್ಲಿ ಪರೀಕ್ಷೆಯನ್ನು ಪುನರಾವರ್ತಿಸಬೇಕೆಂದು 2006ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ತಿಳಿಸಿತು. 2023ರ ಮಾನದಂಡದಲ್ಲಿಯೂ ಈ ಅಂತರ ಉಳಿದಿದೆ. ಎರಡನೇ ಪರೀಕ್ಷೆಯನ್ನು ಕೈಬಿಟ್ಟರೆ, ಅಗತ್ಯವಿಲ್ಲದವರು ಜೀವನಪರ್ಯಂತ ಔಷಧಿ ಸೇವಿಸುವ ಸಂಭವವಿದೆ. ಸಾಧ್ಯವಾದರೆ ಎರಡೂ ಬಾರಿ ಒಂದೇ ಪ್ರಯೋಗಾಲಯವನ್ನು ಆಶ್ರಯಿಸುವುದು ಮೇಲು. ಪ್ರತಿಕಾಯವಿದ್ದೂ ಎಂದಿಗೂ ರಕ್ತ ಹೆಪ್ಪುಗಟ್ಟದವರಿದ್ದಾರೆ. ಅವರನ್ನು ರೋಗಿಗಳೆಂದು ಪರಿಗಣಿಸಲಾಗುವುದಿಲ್ಲ, ಆದರೆ ವೈದ್ಯರ ನಿಗಾ ಅಗತ್ಯ.

ರಕ್ತ ಹೆಪ್ಪುಗಟ್ಟಿದ ರೋಗಿಗಳಿಗೆ ಸಾಮಾನ್ಯವಾಗಿ ವಾರ್ಫರಿನ್ ನೀಡಿ, ಐ.ಎನ್.ಆರ್. ಪರೀಕ್ಷೆಯ ಮೂಲಕ ಪ್ರಮಾಣವನ್ನು ಹೊಂದಿಸಲಾಗುತ್ತದೆ. ಬಹುತೇಕ ರೋಗಿಗಳಲ್ಲಿ ಗುರಿ 2ರಿಂದ 3. ಹರಿವೆ, ನುಗ್ಗೆಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಔಷಧಿಯ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪನ್ನು ತ್ಯಜಿಸಬೇಕಾಗಿಲ್ಲ, ಪ್ರತಿ ವಾರ ಸರಿಸುಮಾರು ಒಂದೇ ಪ್ರಮಾಣದಲ್ಲಿ ಸೇವಿಸಿದರೆ ಸಾಕು.

ವಾರ್ಫರಿನ್ ಭ್ರೂಣಕ್ಕೆ ಹಾನಿಕರ. ಈ ಔಷಧಿ ಸೇವಿಸುತ್ತಿರುವ ಮಹಿಳೆಯರು ಗರ್ಭಧಾರಣೆಗೆ ಮುನ್ನವೇ ವೈದ್ಯರನ್ನು ಕಾಣಬೇಕು; ಮುಟ್ಟು ತಪ್ಪಿದಲ್ಲಿ ಅಂದೇ ತಿಳಿಸಬೇಕು. ಗರ್ಭಾವಸ್ಥೆಯಲ್ಲಿ ಅದರ ಬದಲಿಗೆ ಹೆಪಾರಿನ್ ಚುಚ್ಚುಮದ್ದು ಹಾಗೂ ಕಡಿಮೆ ಪ್ರಮಾಣದ ಆಸ್ಪಿರಿನ್ ನೀಡಲಾಗುತ್ತದೆ. ಪರೀಕ್ಷಾ ವರದಿಯ ವಿವರವನ್ನು ತಾಯಿ ಕಾರ್ಡಿನಲ್ಲಿ ನಮೂದಿಸಿಕೊಂಡು ಹೆರಿಗೆಗೆ ಬರುವಾಗ ಜೊತೆಯಲ್ಲಿ ತರತಕ್ಕದ್ದು.