ಮೂರು ನಿಮಿಷದ ಹಾಡು, ಕೊನೆಗೊಂದು ಹೆಸರು

ನಮ್ಮ ಮಹಿಳಾ ವೇದಿಕೆಯ ಸದಸ್ಯೆಯರಿಗಾಗಿ ಹಳೆಯ ಶಾಸ್ತ್ರೀಯ ಸಂಗೀತದ ಜನಪ್ರಿಯ ಧ್ವನಿಮುದ್ರಣಗಳ ಒಂದು ಸಂಕಲನ ಮಾಡಿಕೊಡುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂತು. ಸನತ್‌ನಗರದ ನಮ್ಮ ಮನೆಯಲ್ಲಿ ಎರಡು ಡಬ್ಬಿ ಕ್ಯಾಸೆಟ್ಟುಗಳಿವೆ, ಒಂದಿಷ್ಟು ಸಿ.ಡಿ.ಗಳಿವೆ. ಉಳಿದದ್ದನ್ನು ಗೆಳತಿಯರು ಪೆನ್‌ಡ್ರೈವಿನಲ್ಲೂ ವಾಟ್ಸಾಪಿನಲ್ಲೂ ಕಳಿಸಿಕೊಟ್ಟರು. ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ, ಹಳೇ ಮಿಕ್ಸಿ ಮೋಟಾರುಗಳ ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಕ್ಯಾಸೆಟ್ಟುಗಳಲ್ಲಿ ಕೆಲವನ್ನು ನಾನೇ ಆರಿಸಿ ತಂದೆ. ಇಷ್ಟೆಲ್ಲ ಇದ್ದೂ ಕೆಲಸ ಮೂರು ತಿಂಗಳು ಹಿಡಿಯಿತು. ಹಾಡು ಸಿಗದೆ ಅಲ್ಲ, ಹಾಡಿದವರ ಹೆಸರು ಸಿಗದೆ. ಒಂದು ಫೈಲಿನ ಮೇಲೆ ‘ಟ್ರ್ಯಾಕ್ 07’ ಎಂದಿದೆ. ಇನ್ನೊಂದರ ಮೇಲೆ ‘ಓಲ್ಡ್ ಕ್ಲಾಸಿಕಲ್ ಲೇಡಿ’ ಎಂದಿದೆ. ಆ ಲೇಡಿ ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಭಾರತದಲ್ಲಿ ಧ್ವನಿಮುದ್ರಣದ ವ್ಯಾಪಾರ ಶುರುವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ತನ್ನ ಯಂತ್ರದ ಸಮೇತ ಅಲ್ಲಿಗೆ ಬಂದಿಳಿದ. ಆಗ ಮೈಕು ಇರಲಿಲ್ಲ. ಗೋಡೆಯಿಂದ ಹೊರಬಂದ ಕಹಳೆಯಂಥ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ತಲೆ ಅಲ್ಲಾಡಿಸುವಂತಿಲ್ಲ, ಕೈ ಬೀಸುವಂತಿಲ್ಲ. ಕೊಳವೆಯ ಆಚೆ ಬದಿಯಲ್ಲಿ ಒಂದು ಮುಳ್ಳು ಮೇಣದ ತಟ್ಟೆಯ ಮೇಲೆ ದನಿಯನ್ನು ಕೊರೆಯುತ್ತಾ ಹೋಗುತ್ತದೆ. ಮೂರು ನಿಮಿಷ ದಾಟಿತೋ, ತಟ್ಟೆ ಮುಗಿಯಿತು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರಿಗೆ ಇದು ಸೀರೆಯನ್ನು ಕರ್ಚೀಫಿನ ಅಳತೆಗೆ ಮಡಚು ಎಂದ ಹಾಗೆ.

ಈ ಅಳತೆಗೆ ತಮ್ಮ ಸಂಗೀತವನ್ನು ಮೊದಲು ಒಗ್ಗಿಸಿಕೊಂಡವರಲ್ಲಿ ಎದ್ದು ಕಾಣುವ ಹೆಸರು ಗೋಹರ್ ಜಾನ್. 1873ರಲ್ಲಿ ಆಜಮ್‌ಗಢದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಏಂಜಲೀನಾ. ಕಲ್ಕತ್ತೆಯ ಹೆಸರಾಂತ ತವಾಯಫ್ ಆಗಿದ್ದ ಆಕೆ ಆಲಾಪ, ಚೀಜು, ತಾನು ಎಲ್ಲವನ್ನೂ ಮೂರು ನಿಮಿಷದೊಳಗೆ ಕೂಡಿಸಿ, ಕೊನೆಯ ಕ್ಷಣದಲ್ಲಿ ಇಂಗ್ಲಿಷಿನಲ್ಲಿ “ಮೈ ನೇಮ್ ಈಸ್ ಗೋಹರ್ ಜಾನ್” ಎಂದು ಠೀವಿಯಿಂದ ಹೇಳಿ ಮುಗಿಸುತ್ತಿದ್ದರು. ಇದಕ್ಕೆ ಕಾರಣ ಜಂಬವಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಹಿಂದೂಸ್ತಾನಿಯೂ ಗೊತ್ತಿಲ್ಲ, ಬಂಗಾಳಿಯೂ ಗೊತ್ತಿಲ್ಲ. ಯಾವ ತಟ್ಟೆ ಯಾರದು ಎಂದು ಅವರಿಗೆ ತಿಳಿಯಲಿ ಎಂದು ಹಾಡಿದವರೇ ಹೆಸರು ಹೇಳುವ ಪದ್ಧತಿ ಬಂತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಆದ ಮೇಲೆ ಅದರ ಅಗತ್ಯ ಕ್ರಮೇಣ ತಪ್ಪಿತು. ವಿಚಿತ್ರ ನೋಡಿ, ತಟ್ಟೆ ತಯಾರಿಕೆಗೆ ಬೇಕಾದ ಅರಗು ಮಾತ್ರ ಮೊದಲಿನಿಂದಲೂ ನಮ್ಮ ದೇಶದ್ದೇ. ಕಾಡಿನ ಮರಗಳ ಮೇಲೆ ಪುಟ್ಟ ಹುಳು ಸುರಿಸಿದ ಅರಗು ಜರ್ಮನಿಗೆ ಹೋಗಿ, ನಮ್ಮ ಹಾಡನ್ನು ಹೊತ್ತು ನಮ್ಮ ಬಂದರಿಗೇ ವಾಪಸಾಗುತ್ತಿತ್ತು.

ಗೋಹರ್ ಜಾನ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ತಟ್ಟೆಗಳಿಗೆ ಹಾಡಿದರು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿ 17ರಂದು ಆಕೆ ಅಲ್ಲೇ ತೀರಿಕೊಂಡರು. ಅವರನ್ನು ಮತ್ತೆ ನೆನಪಿಗೆ ತಂದವರೂ ಬೆಂಗಳೂರಿನವರೇ. ವಿಕ್ರಮ್ ಸಂಪತ್ ಬರೆದ ಜೀವನಚರಿತ್ರೆ 2010ರಲ್ಲಿ ಬಂತು. ಆಕೆ ತಟ್ಟೆಯ ಕೊನೆಗೆ ಹೇಳುತ್ತಿದ್ದ ಆ ಮಾತನ್ನೇ ಅವರು ಪುಸ್ತಕಕ್ಕೆ ಹೆಸರಾಗಿ ಇಟ್ಟಿದ್ದಾರೆ.

ಸಂಕಲನಕ್ಕೆ ಗೋಹರ್ ಜಾನರ ಹಾಡು ಸೇರಿಸಿದಾಗ ನಮ್ಮ ಗುಂಪಿನ ಒಬ್ಬರು, “ಅಕ್ಕಾ, ಕೊನೇಲಿ ಬರೋ ಆ ಕಿರುಚು ಮಾತು ಕಟ್ ಮಾಡಿಬಿಡಿ, ಮಧುರವಾಗಿಲ್ಲ” ಎಂದರು. ಈಚಿನ ಕೆಲವು ಪ್ರತಿಗಳಲ್ಲಿ ಅದನ್ನು ಆಗಲೇ ಕತ್ತರಿಸಿದ್ದಾರೆ. ನಾನು ಒಪ್ಪಲಿಲ್ಲ. ಹಾಡು ಯಾರದ್ದೆಂದು ಹಾಡಿದವರೇ ಹೇಳಿರುವಾಗ ಅದನ್ನು ಅಳಿಸಿ, ಆಮೇಲೆ ‘ಓಲ್ಡ್ ಕ್ಲಾಸಿಕಲ್ ಲೇಡಿ’ ಎಂದು ಬರೆಯುವುದು ಯಾವ ನ್ಯಾಯ?

ಮೊದಮೊದಲ ತಟ್ಟೆಗಳಲ್ಲಿ ಹೆಣ್ಣುದನಿಗಳು ಅಷ್ಟೊಂದು ಇರುವುದಕ್ಕೆ ಕಾರಣವಿದೆ. ದೊಡ್ಡ ಉಸ್ತಾದರು, ಬುವಾಗಳಲ್ಲಿ ಹಲವರಿಗೆ ಯಂತ್ರವೆಂದರೆ ಅನುಮಾನ. ಮನೆತನದ ವಿದ್ಯೆ ಬೀದಿಪಾಲಾಗುತ್ತದೆ, ಚಹಾದಂಗಡಿಯಲ್ಲಿ ಯಾರೋ ತಿರುಗಿಸಿ ಕೇಳುತ್ತಾರೆ ಎಂಬ ಅಳುಕು. ಧಾರವಾಡದಲ್ಲಿ ಕೆಲಕಾಲ ಪಾಠ ಹೇಳಿದ್ದ ಭಾಸ್ಕರಬುವಾ ಬಖಲೆಯವರ ಒಂದೇ ಒಂದು ತಟ್ಟೆ ಇಲ್ಲ. ಜೈಪುರ–ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರದ್ದೂ ಇಲ್ಲ. ಗರತಿಯರೆನಿಸಿಕೊಂಡ ಹೆಂಗಸರು ಹೊರಗೆ ಹಾಡುವ ಮಾತೇ ಇರಲಿಲ್ಲ. ಉಳಿದವರು ತವಾಯಫರು, ದೇವದಾಸಿ ಮನೆತನದವರು. ಸಮಾಜ ಯಾರನ್ನು ಹೊಸಿಲಾಚೆ ನಿಲ್ಲಿಸಿತ್ತೋ ಅವರ ದನಿಯೇ ತಟ್ಟೆಯ ಮೂಲಕ ಎಲ್ಲರ ನಡುಮನೆಗೆ ಬಂತು.

ಬೆಂಗಳೂರು ನಾಗರತ್ನಮ್ಮ ಆ ಸಾಲಿನವರು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಅವರ ತಟ್ಟೆಗಳಿಗಿಂತ ಅವರ ಹಟ ನನಗೆ ದೊಡ್ಡದಾಗಿ ಕಾಣುತ್ತದೆ. ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಸರ್ಕಾರ ಅದನ್ನು ತಡೆಯಿತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಸಂಪಾದನೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದ್ದೇ ಬೇರೆ ಗುಂಪು ಕಟ್ಟಿ ಹಾಡಿಸಿದರು. ಕನ್ನಡದ ಹೆಣ್ಣುಮಗಳು ತೆಲುಗಿನ ಕಾವ್ಯಕ್ಕಾಗಿ, ತೆಲುಗಿನ ವಾಗ್ಗೇಯಕಾರರಿಗಾಗಿ ತಮಿಳುನಾಡಿನಲ್ಲಿ ನಿಂತು ಜಗಳವಾಡಿದ್ದು ಹೈದರಾಬಾದಿನಲ್ಲಿರುವ ನಮಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು!

ಈಗ ನನ್ನ ಸಂಕಲನದ ನಡುಭಾಗಕ್ಕೆ ಬರುತ್ತೇನೆ. ಅಲ್ಲಿರುವುದು ಗಂಗೂಬಾಯಿ ಹಾನಗಲ್.

ಆಗ್ರಾದ ಜೊಹ್ರಾಬಾಯಿ 1908ರಿಂದ ಮೂರು ನಾಲ್ಕು ವರ್ಷ ತಟ್ಟೆಗಳಿಗೆ ಹಾಡಿ 1913ರಲ್ಲಿ ತೀರಿಕೊಂಡರು. ಅದೇ ವರ್ಷದ ಮಾರ್ಚಿನಲ್ಲಿ ಧಾರವಾಡದಲ್ಲಿ ಗಂಗೂಬಾಯಿ ಹುಟ್ಟಿದರು. ಬಾಲ್ಯದಲ್ಲಿ ಗ್ರಾಮಫೋನಿನ ದನಿ ಕೇಳಿಸಿದರೆ ಬೀದಿಗೆ ಓಡಿಹೋಗಿ ನಿಂತು ಕೇಳುತ್ತಿದ್ದೆ, ಹಾಗೇ ಹಾಡಲು ನೋಡುತ್ತಿದ್ದೆ ಎಂದು ಅವರೇ ನೆನೆಸಿಕೊಂಡಿದ್ದಾರೆ. ಅವರು ಹಾಗೆ ಕೇಳಿದ ದನಿಗಳಲ್ಲಿ ಜೊಹ್ರಾಬಾಯಿಯವರದೂ ಒಂದು. ಗದಗಿನ ಹುಡುಗ ಭೀಮಸೇನ ಜೋಶಿಗೂ ಇಂಥದ್ದೇ ಆಯಿತು. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಜಿಂಝೋಟಿ ಠುಮ್ರಿಯ ತಟ್ಟೆ ಕೇಳಿದ್ದೇ ತಡ, ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗಂಡುಹುಡುಗ ರೈಲು ಹತ್ತಬಹುದಿತ್ತು. ಹೆಣ್ಣುಹುಡುಗಿ ಬೀದಿಯ ತುದಿಯವರೆಗೆ ಓಡಬಹುದಿತ್ತು, ಅಷ್ಟೆ.

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅವರ ಹಾಡು ಕೇಳಲು ಅಬ್ದುಲ್ ಕರೀಮ್ ಖಾನರಂಥವರೇ ಮನೆಗೆ ಬರುತ್ತಿದ್ದರಂತೆ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಶೈಲಿಯ ನೆರಳು ಅವಳ ಮೇಲೆ ಬೀಳದಿರಲಿ ಎಂದು ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿಬಿಟ್ಟರು. 1932ರಲ್ಲಿ ತೀರಿಕೊಂಡರು. ನನ್ನ ಸಂಕಲನದಲ್ಲಿ ಅಂಬಾಬಾಯಿಯವರ ಹಾಡು ಒಂದೂ ಇಲ್ಲ. ಆದರೆ ಹೆಸರಿನ ಪಟ್ಟಿಯಲ್ಲಿ ಅವರನ್ನು ಸೇರಿಸಿದ್ದೇನೆ. ಹಾಡದೇ ಇದ್ದದ್ದಕ್ಕೆ ಪಟ್ಟಿಯಲ್ಲಿ ಜಾಗ ಪಡೆದವರು ಅವರೊಬ್ಬರೇ.

ಗಂಗೂಬಾಯಿಯವರ 1930ರ ದಶಕದ ಎಚ್.ಎಂ.ವಿ. ತಟ್ಟೆಗಳಲ್ಲಿ ಅವರ ಹೆಸರು ‘ಗಾಂಧಾರಿ’. ದನಿಯೂ ಬೇರೆ: ತೆಳು, ಎತ್ತರದ, ಎಳೆಯ ದನಿ. ಆಮೇಲೆ ಗಂಟಲಿನ ಟಾನ್ಸಿಲ್ ಚಿಕಿತ್ಸೆಯಾಗಿ ಆ ದನಿ ಹೋಯಿತು. ಬಂದದ್ದು ಕಂಚಿನಂಥ, ಗಂಡಸರದ್ದೆನ್ನಬಹುದಾದ ದನಿ. ಬೇರೆಯವರಾದರೆ ತಂಬೂರಿ ಮೂಲೆಗಿಡುತ್ತಿದ್ದರೇನೋ. ಇವರು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತದ್ದನ್ನೆಲ್ಲ ಆ ಹೊಸ ದನಿಗೇ ಕೂರಿಸಿಕೊಂಡು ಐದು ದಶಕಕ್ಕೂ ಹೆಚ್ಚು ಹಾಡಿದರು. ಸಂಕಲನದಲ್ಲಿ ನಾನು ಎರಡೂ ದನಿಗಳನ್ನು ಒಂದರ ಹಿಂದೆ ಒಂದು ಇಟ್ಟಿದ್ದೇನೆ. ಪರೀಕ್ಷೆಗೆಂದು ಹಾಕಿ ಕೇಳಿಸಿದಾಗ ರಾಯಚೂರಿನ ಕಡೆಯ ಹಿರಿಯರೊಬ್ಬರು, “ಮೊದ್ಲಿನ ಹುಡುಗಿ ಚೊಲೋ ಹಾಡ್ಯಾಳ ಬಿಡ್ರಿ, ಈ ಗಂಡಸು ಯಾರ್ರೀ, ಎದಿಗೇ ಹೊಕ್ಕಂಗ ಹಾಡ್ತಾನ!” ಎಂದರು. ಇಬ್ಬರೂ ಒಬ್ಬರೇ ಎಂದಾಗ ಅವರು ಹಾಡನ್ನು ಮೊದಲಿನಿಂದ ಹಾಕಿಸಿ ಕೇಳಿದರು.

ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ, ಆದರೆ ಕೇಸರಬಾಯಿ, ಮೊಗೂಬಾಯಿಯಂಥವರು ಬರೀ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಗಂಗೂಬಾಯಿ ಒಮ್ಮೆ ಹೇಳಿದ್ದರು. ಆ ಕೇಸರಬಾಯಿ ಕೇರ್ಕರರ ಕತೆ ಕೇಳಿ. ತಟ್ಟೆಗೆ ಎಂದೂ ಹಾಡದ ಅಲ್ಲಾದಿಯಾ ಖಾನರ ಶಿಷ್ಯೆ ಅವರು. 1977ರಲ್ಲಿ ಅಮೆರಿಕದ ವಾಯೇಜರ್ ನೌಕೆಗಳ ಮೇಲೆ ಇಡೀ ಭೂಮಿಯ ಸಂಗೀತದ ಒಂದು ಸಂಕಲನವನ್ನು ಚಿನ್ನದ ಲೇಪದ ತಟ್ಟೆಯಲ್ಲಿ ಕಳಿಸಿದರಲ್ಲ, ಅದರಲ್ಲಿ ಭಾರತದಿಂದ ಆಯ್ಕೆಯಾದದ್ದು ಅವರ ಮೂರೂವರೆ ನಿಮಿಷದ ಭೈರವಿ. ಆ ತಟ್ಟೆ ಆಗಲೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ನ್ಯೂಯಾರ್ಕಿನ ಭಾರತೀಯರ ಅಂಗಡಿಯೊಂದರಲ್ಲಿ ಪ್ರತಿ ಸಿಕ್ಕಿತು. ನಮ್ಮ ಎರ್ರಗಡ್ಡದ ಸಂತೆಯ ಹುಡುಕಾಟವೂ ಅದೂ ಒಂದೇ ಜಾತಿಯದು ಎಂದುಕೊಂಡು ನಾನು ಖುಷಿಪಟ್ಟೆ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಧಾರವಾಡಕ್ಕೆ ಆ ವಿದ್ಯೆ ತಂದರು. ಅವರು ಹಾಡಿದ ಅಕ್ಕಮಹಾದೇವಿಯ ವಚನ ಸಂಕಲನದಲ್ಲಿದೆ.

ನಮ್ಮ ವೇದಿಕೆಯಲ್ಲಿ ಬೀದರ, ಕಲಬುರಗಿ, ರಾಯಚೂರಿನವರು ಬಹಳ. 1956ರವರೆಗೆ ಆ ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು. ಹಾಗಾಗಿ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನವನ್ನು ಬಿಡುವಂತಿರಲಿಲ್ಲ. ಬಿಟ್ಟಿದ್ದರೆ ನನ್ನನ್ನೂ ಯಾರೂ ಬಿಡುತ್ತಿರಲಿಲ್ಲ.

ಸನತ್‌ನಗರದಲ್ಲಿ ಬೆಳಗ್ಗೆ ಯಾವ ಗಲ್ಲಿಗೆ ಹೋದರೂ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಕೇಳುತ್ತದೆ. 1963ರ ಎಲ್‌.ಪಿ. ಅದು. ಮೂರು ನಿಮಿಷದ ಕಟ್ಟು ಕಳಚಿ ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ಹಿಡಿಯುವ ತಟ್ಟೆ ಬಂದದ್ದರಿಂದಲೇ ಅಂಥ ದೀರ್ಘ ಪಠಣ ಮನೆಗಳಿಗೆ ಬರಲು ಸಾಧ್ಯವಾಯಿತು. ಗಮನವಿಟ್ಟು ಕೇಳಿ, ಅಲ್ಲಿ ಎರಡು ದನಿಗಳಿವೆ. ಎರಡನೆಯದು ಮಗಳು ರಾಧಾ ವಿಶ್ವನಾಥನ್ ಅವರದು. ಗಂಗೂಬಾಯಿಯವರ ಎಷ್ಟೋ ಕಛೇರಿಗಳಲ್ಲೂ ಹೀಗೇ, ಪಕ್ಕದಲ್ಲಿ ಕೂತು ದನಿಗೂಡಿಸುವುದು ಮಗಳು ಕೃಷ್ಣಾ ಹಾನಗಲ್. ತಾಯಿಯ ಉಸಿರು ನಿಂತ ಕಡೆ ಮಗಳ ಉಸಿರು ಹಾಡನ್ನು ಎತ್ತಿಕೊಳ್ಳುತ್ತದೆ. ಕೇಳುವವರಿಗೆ ಬೆಸುಗೆಯೇ ಕಾಣುವುದಿಲ್ಲ. ಅದೇ ಅವರ ಹೆಚ್ಚುಗಾರಿಕೆ, ಅದೇ ಅವರ ಹೆಸರು ಮರೆಯಾಗಲು ಕಾರಣ ಕೂಡ. ನನಗೆ ಬಂದ ಒಂದು ಫೈಲಿನಲ್ಲೂ ಈ ಇಬ್ಬರ ಹೆಸರಿರಲಿಲ್ಲ.

ಮೂರು ನಿಮಿಷವೆಂದರೆ ಶಾಸ್ತ್ರೀಯ ಸಂಗೀತಕ್ಕೆ ಅವಮಾನ ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರಿಗೊಂದು ಮಾತು. 1999ರಲ್ಲಿ ಯೋಪ್ ಬೋರ್ ಎಂಬ ವಿದ್ವಾಂಸರು ಮತ್ತು ಅವರ ಸಂಗಡಿಗರು 74 ಹಿಂದೂಸ್ತಾನಿ ರಾಗಗಳನ್ನು ನಾಲ್ಕು ಸಿ.ಡಿ.ಗಳಲ್ಲಿ ಪುಸ್ತಕದ ಜೊತೆ ಕೊಟ್ಟರು. ಹರಿಪ್ರಸಾದ್ ಚೌರಾಸಿಯಾ, ಶ್ರುತಿ ಸಾಡೋಲಿಕರ್ ಮೊದಲಾದವರು ಒಂದೊಂದು ರಾಗವನ್ನೂ ಕೆಲವೇ ನಿಮಿಷಗಳಲ್ಲಿ ತೋರಿಸಿದ್ದಾರೆ. ಅದಕ್ಕೆ ಮಾದರಿ ಹಳೆಯ 78 ಸುತ್ತಿನ ತಟ್ಟೆಗಳೇ. ರಾಗದ ಮುಖಚಹರೆ ಬೇಗ ಹಿಡಿಯುವ ಆ ಕಲೆಯನ್ನು ಗೋಹರ್, ಜೊಹ್ರಾರಂಥವರು ಆಗಲೇ ಮಾಡಿಟ್ಟಿದ್ದರು.

ಆಮೇಲೆ ಬಂದ ಕ್ಯಾಸೆಟ್ಟು, ಸಿ.ಡಿ.ಗಳ ವಿಚಾರ ನಿಮಗೆಲ್ಲ ಗೊತ್ತಿರುವುದೇ. ಹಾಡು ಅಗ್ಗವಾಯಿತು, ಕವರು ಚಿಕ್ಕದಾಯಿತು, ಕವರಿನ ಮೇಲಿನ ಅಕ್ಷರ ಇನ್ನೂ ಚಿಕ್ಕದಾಯಿತು. ಕವರೇ ಇಲ್ಲದ ಪೆನ್‌ಡ್ರೈವಿಗೆ ಬರುವಷ್ಟರಲ್ಲಿ ಹೆಸರು ಪೂರ್ತಿ ಉದುರಿಹೋಯಿತು.

ಸಂಕಲನದಲ್ಲಿ ಈಗ 24 ಹಾಡುಗಳಿವೆ. ಭಾರತದ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ. ಹಾಗಾಗಿ ಅದಕ್ಕಿಂತ ಹಳೆಯವನ್ನಷ್ಟೇ ನಾವು ಹಂಚುತ್ತೇವೆ. ಈಚಿನವು, ಭೀಮಸೇನ ಜೋಶಿಯವರ ‘ದಾಸವಾಣಿ’ಯಂಥವು, ನಮ್ಮ ಕೂಟದಲ್ಲಿ ಕೇಳುವುದಕ್ಕೆ ಮಾತ್ರ. ಪ್ರತಿ ಹಾಡಿನ ಜೊತೆ ಹಾಡಿದವರ, ದನಿಗೂಡಿಸಿದವರ, ಗೊತ್ತಾದ ಕಡೆ ತಬಲಾ, ಸಾರಂಗಿ, ಪಿಟೀಲಿನವರ ಹೆಸರು ಬರೆದಿದ್ದೇನೆ. ಐದು ಹಾಡುಗಳ ಎದುರು ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ತಟ್ಟೆಯೋ ಕ್ಯಾಸೆಟ್ಟಿನ ಕವರೋ ಇದ್ದರೆ ಮುಂದಿನ ಸಭೆಗೆ ಬರುವಾಗ ಹಿಡಿದುಕೊಂಡು ಬನ್ನಿ. ತಟ್ಟೆಯನ್ನು ಸೀರೆಯಲ್ಲಿ ಸುತ್ತಿ, ಅಡ್ಡ ಮಲಗಿಸದೆ ನಿಲ್ಲಿಸಿ ತನ್ನಿ. ಅರಗಿನದು, ಬಿದ್ದರೆ ಬಳೆಯ ಹಾಗೆ ಚೂರಾಗುತ್ತದೆ.