ಹ್ಯಾನೋವರಿನಲ್ಲಿ ಸಿಕ್ಕ ಅಪ್ಪನ ಮೆಟಡೋರ್

ಮಗಳ ಮನೆಗೆಂದು ಜರ್ಮನಿಯ ಹ್ಯಾನೋವರಿಗೆ ಹೋಗಿದ್ದಾಗ, ಒಂದು ಭಾನುವಾರ ಅವಳು ನನ್ನನ್ನು ಹಳೆಯ ವಾಹನಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಊರಾಚೆಯ ಬಯಲಿನಲ್ಲಿ ಕಾರು, ವ್ಯಾನುಗಳು ಸಾಲಾಗಿ ನಿಂತಿದ್ದವು. ಅಲ್ಲಿಯವರು ಇವನ್ನು 'ಓಲ್ಡ್‌ಟೈಮರ್' ಎನ್ನುತ್ತಾರೆ. ಮೂವತ್ತು ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಗಾಡಿಯ ನಂಬರ್ ಪ್ಲೇಟಿನ ಕೊನೆಗೆ 'ಎಚ್' ಎಂಬ ಅಕ್ಷರ ಪಡೆಯಬಹುದಂತೆ. ನಮ್ಮಲ್ಲಿ ಗುಜರಿ ಸೇರುವ ವಯಸ್ಸಿನಲ್ಲಿ ಇಲ್ಲಿ ಗಾಡಿಗೆ ಗೌರವ ಶುರುವಾಗುತ್ತದೆ.

ಹೆಚ್ಚು ಜನ ಸೇರಿದ್ದು ಫೋಕ್ಸ್‌ವ್ಯಾಗನ್ ವ್ಯಾನುಗಳ ಸುತ್ತ. ಜರ್ಮನರು ಮುದ್ದಿನಿಂದ 'ಬುಲ್ಲಿ' ಎಂದು ಕರೆಯುವ ಗಾಡಿಗಳು. ಒಳಗೆ ಪುಟ್ಟ ಒಲೆ, ಮಡಚುವ ಹಾಸಿಗೆ, ಹೂವಿನ ಪರದೆ. ಎಲ್ಲರ ಮುಖದಲ್ಲೂ ರಜೆಯ ಕಳೆ.

ಆದರೆ ಈ ಗಾಡಿ ರಜೆಗೆಂದು ಹುಟ್ಟಿದ್ದಲ್ಲ. ಯುದ್ಧ ಮುಗಿದ ಮೇಲೆ ವೋಲ್ಫ್ಸ್‌ಬರ್ಗಿನ ಕಾರ್ಖಾನೆ ಬ್ರಿಟಿಷ್ ಸೇನೆಯ ಕೈಯಲ್ಲಿತ್ತು. ಬಿಡಿಭಾಗ ಸಾಗಿಸಲು ಅಲ್ಲಿಯ ಕೆಲಸಗಾರರು ಬೀಟಲ್ ಕಾರಿನ ಭಾಗಗಳನ್ನೇ ಜೋಡಿಸಿ ಚಪ್ಪಟೆ ಗಾಡಿಯೊಂದನ್ನು ಮಾಡಿಕೊಂಡಿದ್ದರು. ಅದನ್ನು ನೋಡಿದ ಡಚ್ ವ್ಯಾಪಾರಿ ಬೆನ್ ಪೋನ್, 1947ರ ಏಪ್ರಿಲ್ 23ರಂದು ತನ್ನ ನೋಟ್‌ಬುಕ್ಕಿನಲ್ಲಿ ಸರಕು ಸಾಗಿಸುವ ಡಬ್ಬಿಯಂಥ ಗಾಡಿಯೊಂದರ ಚಿತ್ರ ಗೀಚಿದ. 1950ರಲ್ಲಿ ಅದು ರಸ್ತೆಗಿಳಿಯಿತು. ಎಂಜಿನ್ 25 ಅಶ್ವಶಕ್ತಿಯದು. 1956ರಿಂದ ಇದೇ ಹ್ಯಾನೋವರಿನಲ್ಲಿ ತಯಾರಾಯಿತು. ಕೊಂಡವರಲ್ಲಿ ಅಂಗಡಿಯವರು, ಕುಶಲಕರ್ಮಿಗಳು ಇದ್ದರು. ಹಾಸಿಗೆ, ಪರದೆ ಆಮೇಲಿನ ಮಾತು.

ಆ ಕಾರ್ಖಾನೆಗೆ ಇನ್ನೂ ಹಿಂದಿನ ಕಥೆಯಿದೆ. 1938ರಲ್ಲಿ ಹಿಟ್ಲರನ ಆಡಳಿತ ಅದಕ್ಕೆ ಅಡಿಗಲ್ಲು ಹಾಕಿತು. ವಾರಕ್ಕೆ ಐದು ಮಾರ್ಕ್ ಕಟ್ಟಿದರೆ ಕಾರು ಎಂಬ ಆಸೆ ಹುಟ್ಟಿಸಿ ಸುಮಾರು 3.36 ಲಕ್ಷ ಜನರಿಂದ ದುಡ್ಡು ಕಟ್ಟಿಸಿಕೊಂಡರು. ಆ ಯೋಜನೆಯಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಯುದ್ಧದ ವರ್ಷಗಳಲ್ಲಿ ಅಲ್ಲಿ ಸುಮಾರು 20,000 ಜನರನ್ನು ಬಲವಂತವಾಗಿ ದುಡಿಸಲಾಯಿತು. ಪ್ರದರ್ಶನದ ಫಲಕಗಳಲ್ಲಿ ಎಂಜಿನ್ನಿನ ಅಳತೆಯಿತ್ತು, ಬಣ್ಣದ ಹೆಸರಿತ್ತು. ಆ ಜನರ ಮಾತಿರಲಿಲ್ಲ. ಹಬ್ಬದ ದಿನ ಯಾರು ತಾನೇ ಬರೆಯುತ್ತಾರೆ ಎಂದುಕೊಂಡೆ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ದೂರದಿಂದ ಮಗಳು ಕೂಗಿದಳು: "ಅಪ್ಪಾ, ಇಲ್ಲಿ ಬಾ! ತಾತನ ಗಾಡಿ!"

ಸಾಲಿನ ಕೊನೆಗೆ, ಜನರೇ ಇಲ್ಲದ ಕಡೆ, ಬೂದುಬಣ್ಣದ ವ್ಯಾನೊಂದು ನಿಂತಿತ್ತು. ಮೂತಿಯ ಮೇಲೆ 'ಟೆಂಪೋ' ಎಂದಿತ್ತು, ಫಲಕದಲ್ಲಿ 'ಮೆಟಡೋರ್, 1964' ಎಂದಿತ್ತು. ನನ್ನ ಎದೆ ಝಲ್ಲೆಂದಿತು.

ಮನೆ ಬದಲಾಯಿಸುವಾಗ 'ಒಂದು ಟೆಂಪೋ ಕರೆಸಿ' ಎನ್ನುತ್ತೇವಲ್ಲ, ಆ ಮಾತು ಬಂದದ್ದು ಹ್ಯಾಂಬರ್ಗಿನ ವಿಡಾಲ್ ಕಂಪನಿಯ ಗಾಡಿಗಳ ಹೆಸರಿನಿಂದ. 1949ರಲ್ಲಿ ಅವರು ತಂದ ಮೊದಲ ಮೆಟಡೋರಿನಲ್ಲಿ ಇದ್ದದ್ದು ಫೋಕ್ಸ್‌ವ್ಯಾಗನ್ ಎಂಜಿನ್ನೇ. ಮರುವರ್ಷ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನು ಹೊರತಂದಿತು. ಕೆಲಕಾಲದಲ್ಲೇ ಇವರಿಗೆ ಎಂಜಿನ್ ಕೊಡುವುದನ್ನು ನಿಲ್ಲಿಸಿತು. 1958ರಲ್ಲಿ ಎನ್. ಕೆ. ಫಿರೋದಿಯಾ ಈ ಕಂಪನಿಯ ಸಹಯೋಗದಿಂದ ಬಜಾಜ್ ಟೆಂಪೋ ಸ್ಥಾಪಿಸಿದರು. ಮೊದಲು ಮೂರು ಚಕ್ರದ ಗಾಡಿ ಬಂತು, ಆಮೇಲೆ ಮೆಟಡೋರ್. ಇತ್ತ ಜರ್ಮನಿಯಲ್ಲಿ ಟೆಂಪೋ ಕಂಪನಿಯನ್ನು ಹ್ಯಾನೋವರಿನ ಹಾನೊಮಾಗ್ ಕೊಂಡಿತು, ಗಾಡಿಗಳ ಮೇಲಿಂದ ಆ ಹೆಸರು ಅಳಿಯಿತು. ಉಳಿದದ್ದು ನಮ್ಮ ಬಾಯಲ್ಲಿ. ಈಗ ಯಾವ ಕಂಪನಿಯ ಸಣ್ಣ ಗೂಡ್ಸ್ ಗಾಡಿಯಾದರೂ ನಮಗೆ ಟೆಂಪೋನೇ.

ಅಪ್ಪ ಹಾಸನದಲ್ಲಿ ಒಬ್ಬ ಸಾಹುಕಾರರ ಮೆಟಡೋರ್ ಓಡಿಸುತ್ತಿದ್ದರು. ಹೋಗುವಾಗ ಆಲೂಗಡ್ಡೆ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ, ಬರುವಾಗ ಹಂಚು. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಸೀಟುಗಳ ನಡುವೆ ಎಂಜಿನ್ನಿನ ಮುಚ್ಚಳದ ಮೇಲೆ ಗೋಣಿಚೀಲ ಮಡಚಿ ಹಾಕಿ ನನ್ನನ್ನು ಕೂರಿಸುತ್ತಿದ್ದರು. ಮಳೆಗಾಲದಲ್ಲಿ ಆ ಬಿಸಿ ಹಿತ, ಬೇಸಿಗೆಯಲ್ಲಿ ಶಿಕ್ಷೆ. ಹದಿನೇಳು ವರ್ಷ ಓಡಿಸಿದರು. 1994ರಲ್ಲಿ ಗಾಡಿ ಗುಜರಿಗೆ ಹೋಯಿತು. ಅಪ್ಪನ ಕೆಲಸವೂ ಅದರ ಜೊತೆಗೇ ಹೋಯಿತು. ಆಮೇಲೆ ಅವರು ಗಾಡಿಯ ಮಾತೆತ್ತಲಿಲ್ಲ.

ವ್ಯಾನಿನ ಯಜಮಾನ ಎಪ್ಪತ್ತು ದಾಟಿದವರು. ಮಗಳು ಜರ್ಮನ್ ಭಾಷೆಯಲ್ಲಿ ಇದನ್ನೆಲ್ಲ ಹೇಳಿದಾಗ, ಬಾಗಿಲು ತೆಗೆದು ನನ್ನನ್ನು ಒಳಗೆ ಕೂರಿಸಿದರು. ಗಾಡಿ ಈಗ ಎಲ್ಲಿದೆ ಎಂದು ಕೇಳಿದರು. ಇಲ್ಲ ಎಂದೆ. ಫೋಟೋ? ಇತ್ತು, ಮಗಳ ಫೋನಿನಲ್ಲಿ. ಆಯುಧಪೂಜೆಯ ದಿನ ತೆಗೆದದ್ದು: ಬಾಳೆಕಂದು ಕಟ್ಟಿದ ಮೆಟಡೋರ್, ಚಕ್ರದಡಿ ನಿಂಬೆಹಣ್ಣು, ಪಕ್ಕದಲ್ಲಿ ಖಾಕಿ ಅಂಗಿಯ ಅಪ್ಪ.

ಅವರು ಬಹಳ ಹೊತ್ತು ನೋಡಿದರು. ಈ ಚಿತ್ರ ಕಳಿಸಿಕೊಡಿ, ಮುಂದಿನ ಸಲದಿಂದ ಫಲಕದ ಪಕ್ಕ ಇಡುತ್ತೇನೆ ಎಂದರು. ಕೆಳಗೆ ಬರೆಯಲು ನಿಮ್ಮ ತಂದೆಯ ಹೆಸರೂ ಬೇಕು ಎಂದು ಕಾಗದ ಮುಂದೆ ಹಿಡಿದರು.

ನಾನು ಅಪ್ಪನ ಹೆಸರು ಬರೆದೆ. ಅದರ ಕೆಳಗೆ, ಯಾರೂ ಕೇಳದಿದ್ದರೂ, 'ಡ್ರೈವರ್, ಹಾಸನ' ಎಂದು ಸೇರಿಸಿದೆ.