ತಂದೆಯ ಹೆಸರು ಮತ್ತು 280 ದಿನಗಳು



ಶಾಲೆಯ ದಾಖಲಾತಿ ಪುಸ್ತಕದಲ್ಲಿ 'ತಂದೆಯ ಹೆಸರು' ಎಂಬ ಅಂಕಣವಿದೆಯಷ್ಟೆ. ಅದನ್ನು ತುಂಬಿಸುವ ನಾವು ಅಧ್ಯಾಪಕರು ಅದರ ಹಿಂದಿನ ಚರಿತ್ರೆಯನ್ನು ಯೋಚಿಸುವುದು ಕಡಿಮೆ.

ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಇಲ್ಲಿನ ಅಳಿಯಸಂತಾನದ ಮನೆಗಳಲ್ಲಿ ಆ ಹೆಸರಿಗೆ ಅಷ್ಟು ತೂಕವಿರಲಿಲ್ಲ. ಮಗು ತಾಯಿಯ ಕುಟುಂಬದ್ದು, ಪಾಲು ತಾಯಿಯ ಕಡೆಯಿಂದ, ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದು. ಗಂಡ ಹೆಂಡಿರು ಬೇರೆಯಾದರೂ ಮಗುವಿನ ಅನ್ನಕ್ಕೆ ಕುತ್ತು ಬರುತ್ತಿರಲಿಲ್ಲ. (ಆ ಪದ್ಧತಿಯಲ್ಲಿ ಬೇರೆ ಜಗಳಗಳು ಬೇಕಷ್ಟಿದ್ದವು, ಅದು ಬೇರೆ ಮಾತು!) 1975ರ ಕೇರಳ ಕಾನೂನು 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು.

ಬ್ರಿಟಿಷರ ಕೋರ್ಟಿಗೆ ಮಾತ್ರ ತಂದೆ ಯಾರೆಂಬುದು ಬೇಕಿತ್ತು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಕಾಯಿದೆಯ 112ನೇ ಕಲಂ ಹೀಗೆ ಹೇಳಿತು: ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದ ಮೇಲೆ ತಾಯಿ ಮರುಮದುವೆಯಾಗದಿರುವಾಗ 280 ದಿನಗಳೊಳಗೆ ಹುಟ್ಟಿದ ಮಗು, ಆ ಗಂಡನದ್ದೇ. ನಮ್ಮ ಅಜ್ಜಿಯಂದಿರ ಒಂಬತ್ತು ತಿಂಗಳು ಹತ್ತು ದಿನವೇ ಇದು. ಅಲ್ಲವೆನ್ನಬೇಕಾದರೆ ಗರ್ಭ ನಿಂತಿರಬಹುದಾದ ಕಾಲದಲ್ಲಿ ಇಬ್ಬರಿಗೂ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಬೇಕು. ಗಂಡ ಆಗ ಕಡಲಾಚೆ ಇದ್ದನೆಂದು ಸಿದ್ಧವಾದರೆ ಸರಿ. ಬರೀ ಸಂಶಯ, ಊರವರ ಮಾತು, ಮುಖದ ಹೋಲಿಕೆ ಸಾಲದು. ರಕ್ತದ ಗುಂಪುಗಳೇ ಗೊತ್ತಿಲ್ಲದ ಆ ಕಾಲದಲ್ಲಿ ಕಾನೂನು ಮಗುವನ್ನು ಬೀದಿಗೆ ಬಿಡದಿರುವ ದಾರಿಯನ್ನು ಹಿಡಿಯಿತೆಂದೇ ನಾವು ತಿಳಿಯುತ್ತೇವೆ.

ಅನ್ನದ ಪ್ರಶ್ನೆಗೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಂ ಇತ್ತು. ಮಗು ವಿವಾಹದೊಳಗಿನದಾಗಲಿ ಹೊರಗಿನದಾಗಲಿ, ತಂದೆ ಜೀವನಾಂಶ ಕೊಡಬೇಕು. ಮಿತಿ ತಿಂಗಳಿಗೆ 50 ರೂಪಾಯಿ. ಅದು ಏರುತ್ತಾ 1955ರಲ್ಲಿ 500 ಆಯಿತು, 2001ರವರೆಗೂ ಅಲ್ಲೇ ನಿಂತಿತ್ತು! ಅಷ್ಟು ಸಣ್ಣ ಮೊತ್ತವನ್ನು ತಪ್ಪಿಸಲೂ 'ಮಗು ನನ್ನದಲ್ಲ' ಎಂಬ ವಾದ ಕೋರ್ಟಿಗೆ ಬರುತ್ತಿತ್ತು.

1993ರಲ್ಲಿ ಪಶ್ಚಿಮ ಬಂಗಾಳದ ಒಬ್ಬರು ಜೀವನಾಂಶದ ಮೊಕದ್ದಮೆಯಲ್ಲಿ ರಕ್ತಪರೀಕ್ಷೆ ಕೇಳಿದಾಗ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೇಳಿದ ಮಾತ್ರಕ್ಕೆ ಪರೀಕ್ಷೆಯಿಲ್ಲ, ಬಲವಂತವಾಗಿ ಯಾರ ರಕ್ತವನ್ನೂ ತೆಗೆಯುವಂತಿಲ್ಲ ಎಂದಿತು. 2001ರಲ್ಲಿ, ದಂಪತಿ ಜತೆಗಿದ್ದರೆ ಡಿಎನ್‌ಎ ಫಲಿತಾಂಶವೂ ಈ ಕಲಮನ್ನು ಮುರಿಯಲಾರದು ಎಂದಿತು. 2014ರಲ್ಲಿ ಮಾತ್ರ ದಾರಿ ಹೊರಳಿತು. ಎರಡೆರಡು ಡಿಎನ್‌ಎ ಪರೀಕ್ಷೆಗಳು ಗಂಡ ತಂದೆಯಲ್ಲವೆಂದು ಹೇಳಿದ್ದರಿಂದ ಹೆಣ್ಣುಮಗುವಿನ ಜೀವನಾಂಶ ರದ್ದಾಯಿತು. ಆದರೆ ಅದುವರೆಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳಬಾರದೆಂದು ನ್ಯಾಯಾಲಯ ಆಜ್ಞೆ ಮಾಡಿತು. ತೀರ್ಪಿನ ಉಳಿದ ಭಾಗಕ್ಕಿಂತ ಈ ಒಂದು ವಾಕ್ಯ ನಮಗೆ ಹೆಚ್ಚು ಹಿಡಿಸಿದೆ.

2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ 112 ಅದರಲ್ಲಿ 116 ಆಗಿದೆ, 280 ದಿನ ಹಾಗೆಯೇ ಇದೆ.

ಮರುವರ್ಷ ನಮ್ಮ ಕೇರಳದ್ದೇ ಒಂದು ವ್ಯಾಜ್ಯದಲ್ಲಿ ಅದಕ್ಕೆ ಪರೀಕ್ಷೆ ಬಂತು. ಅಲ್ಲಿ ಮಗು ಮಾಜಿ ಗಂಡನದ್ದಲ್ಲ, ಬೇರೊಬ್ಬರದ್ದು ಎಂದವರು ವಿಚ್ಛೇದನ ಪಡೆದ ತಾಯಿಯೇ. ಮಗ ಆ ಇನ್ನೊಬ್ಬರಿಂದ ಜೀವನಾಂಶ ಕೇಳಿದ್ದ. 2025ರ ಜನವರಿ 28ರಂದು ಸುಪ್ರೀಂ ಕೋರ್ಟು, ಗರ್ಭ ನಿಂತ ಕಾಲಕ್ಕೆ ದಂಪತಿ ಒಂದೇ ಮನೆಯಲ್ಲಿದ್ದರು, ಆದ್ದರಿಂದ ಕಾನೂನಿನ ತಂದೆ ಮಾಜಿ ಗಂಡನೇ ಎಂದಿತು. ಡಿಎನ್‌ಎ ಪರೀಕ್ಷೆಯನ್ನೂ ನಿರಾಕರಿಸಿತು. 2001ರಲ್ಲಿ ಹುಟ್ಟಿದ ಆ ಹುಡುಗನಿಗೆ ಆಗ ಇಪ್ಪತ್ತಮೂರು ವರ್ಷ.